ಡ್ರಾಮರ್ ಎಂಸಿ2.1: ಮೂರು ವರ್ಷ ಬಳಸಿದ ಮೇಲೆ

ಡ್ರಾಮರ್ ಎಂಸಿ2.1 ಒಂದು ಮಾನಿಟರ್ ಕಂಟ್ರೋಲರ್, ಅಂದರೆ ಸ್ಪೀಕರಿಗೆ ಹೋಗುವ ದನಿ ಏರಿಸಿ ಇಳಿಸುವ, ಸ್ಪೀಕರ್ ಅದಲುಬದಲು ಮಾಡುವ ಡಬ್ಬಿ. ಮೈಸೂರಿನ ನಮ್ಮ ಮನೆಯ ಒಂದು ಕೋಣೆಯಲ್ಲಿ ಕರ್ನಾಟಕ ಸಂಗೀತ, ಭಾವಗೀತೆ ರೆಕಾರ್ಡ್ ಮಾಡುತ್ತೇನೆ. ಮಿಕ್ಸಿಂಗ್‌ಗೆ ಕೂರುವುದು ಮಗು ಮಲಗಿದ ಮೇಲೆ, ರಾತ್ರಿ 10ರ ನಂತರ. ಸಣ್ಣ ದನಿಯಲ್ಲೇ ಕೇಳಬೇಕು. ನನ್ನ ಮೊದಲ ಮಾನಿಟರ್ ಕಂಟ್ರೋಲರ್ ಕೈಕೊಟ್ಟಿದ್ದೇ ಅಲ್ಲಿ.

ಅದೊಂದು ಪ್ಯಾಸಿವ್ ಡಬ್ಬಿ. ಕರೆಂಟ್ ಬೇಡ, ದುಡ್ಡೂ ಕಡಿಮೆ. ಆದರೆ ನಾಬ್ ತೀರಾ ಕೆಳಗಿಳಿಸಿದರೆ ನಡುವೆ ನಿಲ್ಲಬೇಕಾದ ಗಾಯಕಿಯ ದನಿ ಬಲಕ್ಕೆ ಸರಿಯುತ್ತಿತ್ತು. ಒಂದೇ ನಾಬಿನಡಿ ಎಡಕ್ಕೊಂದು, ಬಲಕ್ಕೊಂದು ದನಿ ತಗ್ಗಿಸುವ ಪೊಟೆನ್ಷಿಯೋಮೀಟರ್ ಪದರ ಇರುತ್ತದೆ. ಕೆಳಗಿನ ತುದಿಯಲ್ಲಿ ಅವೆರಡೂ ಸರಿಸಮ ನಡೆಯುವುದಿಲ್ಲ. ಇದು ಗೊತ್ತಾಗುವಷ್ಟರಲ್ಲಿ ಎರಡು ಹಾಡಿನ ಪ್ಯಾನಿಂಗ್ (ಯಾವ ದನಿ ಎಡ-ಬಲದಲ್ಲಿ ಎಲ್ಲಿ ಎಂಬುದು) ಕೆಡಿಸಿದ್ದೆ.

ಎಂಸಿ2.1 ಆಕ್ಟಿವ್, ಅಂದರೆ ಕರೆಂಟಿನಿಂದ ನಡೆಯುವಂಥದ್ದು. ದನಿ ಎಷ್ಟು ಇಳಿಸಿದರೂ ನನ್ನ ಕಿವಿಗೆ ನಡುವಿನದು ನಡುವೆಯೇ ಇದೆ. ದೊಡ್ಡ ನಾಬಿನ ಜೊತೆ ಮೊದಲೇ ಗೊತ್ತುಮಾಡಿಡುವ ಪ್ರೀಸೆಟ್ ಮಟ್ಟ ಬೇರೆಯೇ ಇರುವುದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ದನಿ ಇಳಿದಷ್ಟೂ ಬೇಸ್ ನಮ್ಮ ಕಿವಿಗೆ ಕಡಿಮೆ ಕೇಳುತ್ತದೆ, ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ ಸಂಗತಿ. ದಿನಕ್ಕೊಂದು ಮಟ್ಟದಲ್ಲಿ ಕೇಳಿದರೆ ದಿನಕ್ಕೊಂದು ಮಿಕ್ಸ್ ಬರುತ್ತದೆ. ಈಗ ಒಂದು ಬಟನ್ ಒತ್ತಿದರೆ ನಿನ್ನೆಯ ಮಟ್ಟವೇ ಸಿಗುತ್ತದೆ.

ಎಡ-ಬಲ ಎರಡನ್ನೂ ಬೆರೆಸಿ ಒಂದಾಗಿಸುವ ಮೊನೊ ಬಟನ್ನಿಗಂತೂ ನಾನು ಋಣಿ. ಒಮ್ಮೆ ಮೃದಂಗದ ಎರಡೂ ಮುಖಕ್ಕೆ ಒಂದೊಂದು ಮೈಕ್ ಇಟ್ಟು, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದ್ದೆ. ಸ್ಟೀರಿಯೋದಲ್ಲಿ ಅಗಲವಾಗಿ, ಚೆನ್ನಾಗಿಯೇ ಕೇಳಿತು. ಮೊನೊ ಒತ್ತಿದೆ, ಎಡಗೈಯ ಗುಂಯ್ ಎನ್ನುವ ಗುಮ್ಕಿ ಮಾಯ! ಅದರ ಜೊತೆ, ಒಂದು ಬದಿಯ ಅಲೆಯ ಏರಿಳಿತ ತಲೆಕೆಳಗು ಮಾಡುವ ಫೇಸ್ ಬಟನ್ನೂ ಒತ್ತಿದಾಗ ತುಂಬಿಕೊಂಡು ಬಂತು. ತೊಪ್ಪಿ (ಎಡಮುಖ) ಒಳಗೆ ಹೋದಾಗ ಎದುರಿನ ಮುಖ ಹೊರಗೆ ಉಬ್ಬುತ್ತದೆ, ಹಾಗಾಗಿ ಎರಡು ಮೈಕಿನ ಬೇಸ್ ಒಂದನ್ನೊಂದು ಅಳಿಸುತ್ತಿತ್ತು. ಸಾಫ್ಟ್‌ವೇರಿನಲ್ಲಿ ಒಂದು ಟ್ರ್ಯಾಕಿನ ಪೋಲಾರಿಟಿ, ಅಂದರೆ ಅದೇ ಏರಿಳಿತ, ತಿರುಗಿಸಿದೆ, ಸರಿಹೋಯಿತು. ನಮ್ಮ ಹಾಡು ಕೇಳುವವರಲ್ಲಿ ಬಹಳ ಮಂದಿ ಎಡ-ಬಲ ಬೆರೆತುಹೋಗುವ ಫೋನಿನ ಸ್ಪೀಕರಿನಲ್ಲೇ ಕೇಳುವವರು. ಹಾಗೇ ಬಿಟ್ಟಿದ್ದರೆ ವಿದ್ವಾಂಸರ ಎಡಗೈಗೆ ಅನ್ಯಾಯವಾಗುತ್ತಿತ್ತು.

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಔಟ್‌ಪುಟ್‌ಗಳಿಗೆ ರಿಲೇ (ತಾನೇ ತೆರೆದು ಮುಚ್ಚುವ ಸ್ವಿಚ್) ರಕ್ಷಣೆ ಇರುವುದರಿಂದ ಸ್ಪೀಕರಿಗೆ ಧಡ್ ಎಂಬ ಹೊಡೆತ ಬಿದ್ದಿಲ್ಲ.

ಕೊರತೆ ಇಲ್ಲದಿಲ್ಲ. ಬೇರೆ ರಿಮೋಟ್ ಇಲ್ಲ, ಡಬ್ಬಿ ಮೇಜಿನ ಮೇಲೇ ಇರಬೇಕು, ಹಿಂದೆ ಕೇಬಲ್ ಜಡೆ. ಸ್ಪೀಕರ್ ಔಟ್‌ಪುಟ್ ಎಕ್ಸ್‌ಎಲ್‌ಆರ್ (ಮೈಕುಗಳಲ್ಲಿರುವ ಮೂರು ಪಿನ್ನಿನ ಕನೆಕ್ಟರ್), ಹಾಗಾಗಿ ನಾನು ಹೊಸ ಕೇಬಲ್ ಕೊಳ್ಳಬೇಕಾಯಿತು. ಮೈಕ್, ಸ್ಪೀಕರ್ ಎಲ್ಲ ಕಂಪ್ಯೂಟರಿಗೆ ಜೋಡಿಸುವ ನನ್ನ ಇಂಟರ್ಫೇಸಿಗಿಂತ ಇದೇ ದುಬಾರಿ.

ಒಂದೇ ಜೊತೆ ಸ್ಪೀಕರ್ ಇದ್ದು, ಇಂಟರ್ಫೇಸಿನ ನಾಬ್ ಚೆನ್ನಾಗಿದ್ದರೆ ದನಿ ಏರಿಸಿ ಇಳಿಸಲಿಕ್ಕೆಂದೇ ಇಷ್ಟು ಖರ್ಚು ಬೇಡ. ಸಾಫ್ಟ್‌ವೇರಿನಲ್ಲಿ ಇಳಿಸಿದರೆ ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್‌ನಷ್ಟು ನಿಖರತೆ ಹೋಗುತ್ತದೆ ನಿಜ, ಆದರೆ 24 ಬಿಟ್‌ನಲ್ಲಿ ಅದು ಕಿವಿಗೆ ತಿಳಿಯುವುದಿಲ್ಲ. ಮೊನೊಗೂ ಉಚಿತ ಪ್ಲಗಿನ್‌ಗಳಿವೆ. ನನಗೆ ಎರಡು ಜೊತೆ ಸ್ಪೀಕರ್ ಅದಲುಬದಲು ಮಾಡಬೇಕು, ಹಾಡುವವರಿಗೂ ನನಗೂ ಬೇರೆಬೇರೆ ಹೆಡ್‌ಫೋನ್ ಬೇಕು. ಅದಕ್ಕೇ ಕೊಂಡೆ.