ಮಣ್ಣಿನ ಗೋದಲಿ ಸೆಟ್: ಕತ್ತೆಯ ಕಿವಿ ಮುರಿದಿತ್ತು, ಆದರೂ ಇಟ್ಟುಕೊಂಡೆ

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವುದು ಅಪ್ಪನ ಕೆಲಸ. ಬೈಹುಲ್ಲು, ಗೆರಟೆಯಲ್ಲಿ ಮೊಳಕೆ ಬರಿಸಿದ ಭತ್ತ, ಎಲ್ಲ ಅವರದ್ದೇ. ಈ ಸಲ ಬೆಂಗಳೂರಿನ ಬಾಡಿಗೆ ಮನೆ, ಮೂರು ತಿಂಗಳ ಮಗು. ಸುಮ್ನೆ ಆನ್‌ಲೈನಿನಲ್ಲಿ 11 ಬೊಂಬೆಗಳ ಟೆರಾಕೋಟಾ ಸೆಟ್ ತರಿಸಿದೆ. 1,850 ರೂಪಾಯಿ.

ಪ್ಯಾಕಿಂಗ್ ಸಾಲದು. ಕತ್ತೆಯ ಒಂದು ಕಿವಿ ಮುರಿದೇ ಬಂತು. ಫೋಟೋ ಕಳಿಸಿದರೂ ಮಾರಿದವರಿಂದ ಉತ್ತರವಿಲ್ಲ. ಗಮ್ ಹಾಕಿ ಅಂಟಿಸಿದೆ. (ಬೈಬಲಿನಲ್ಲಿ ಲೂಕ ಹೇಳುವ ಯೇಸುವಿನ ಜನನದ ಕಥೆಯಲ್ಲಿ ಕತ್ತೆಯೇ ಇಲ್ಲ, ಬಿಡಿ.) ಮಗುವನ್ನು ನೋಡಲು ಬರುವ ಮೂವರು ಜ್ಞಾನಿಗಳ ಬೊಂಬೆಗಳಿಗೆ ಬಂಗಾರದ ಬಣ್ಣ ಜಾಸ್ತಿಯಾಯಿತು.

ಆದರೆ ಮರಿಯಮ್ಮನ ಗಂಡ ಜೋಸೆಫರ ಬೊಂಬೆ! ಕೈಯಲ್ಲಿ ಲಾಟೀನು, ಬೆನ್ನು ಸ್ವಲ್ಪ ಬಾಗಿದೆ, ಕಣ್ಣು ಅರ್ಧ ಮುಚ್ಚಿದೆ. ನಿದ್ದೆಗೆಟ್ಟ ಮುಖ. ಚಿಕ್ಕಂದಿನಿಂದ ನನ್ನ ಕಣ್ಣು ಯೇಸುವಿನ ತಾಯಿ ಮರಿಯಮ್ಮನ ಮೇಲೇ, ಜೋಸೆಫರನ್ನು ಸರಿಯಾಗಿ ನೋಡಿದ್ದೇ ಇಲ್ಲ. ಬೈಬಲಿನಲ್ಲಿ ಅವರದ್ದೆಂದು ಒಂದು ಮಾತೂ ಇಲ್ಲ, ಅಲ್ವಾ? ಕನಸು ಬೀಳುತ್ತದೆ, ಎದ್ದು ಹೊರಡುತ್ತಾರೆ, ಅಷ್ಟೇ. ಮೊನ್ನೆ ರಾತ್ರಿ ಎರಡು ಗಂಟೆಗೆ ನನ್ನ ಗಂಡ ಮೊಬೈಲ್ ಟಾರ್ಚ್ ಹಿಡಿದು ಹಾಲಿನ ಬಾಟಲಿ ಹುಡುಕುತ್ತಿದ್ದರು. ಥೇಟ್ ಅದೇ ಬೆನ್ನು.

ಬಾಲಯೇಸುವಿನ ಬೊಂಬೆ ಬೇರೆಯಾಗಿ ಬರುತ್ತದೆ, ಡಿಸೆಂಬರ್ 24ರ ರಾತ್ರಿವರೆಗೆ ಎತ್ತಿಡಬಹುದು. ಅಲ್ಲಿವರೆಗೆ ಜೋಸೆಫರನ್ನೇ ಮುಂದೆ ನಿಲ್ಲಿಸಿದ್ದೇನೆ. ಫೋಟೋ ನೋಡಿ ಅಪ್ಪ ಫೋನ್ ಮಾಡಿದರು: "ಹುಲ್ಲು ಎಲ್ಲಿ ಮಗಾ?"

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಿವಿಯ ಲೆಕ್ಕದಲ್ಲಿ ಹೋಯಿತು.