‘ಬಸವ’ ಎಂದು ಹುಡುಕಿದರೆ ಸಿಗುವುದೇನು? ಹೆಸರಿನ ಆ್ಯಪ್‌ಗಳು, ಹೆಸರಿನ ಪುಸ್ತಕಗಳು: ಒಂದು ಪರೀಕ್ಷೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆಗಳಲ್ಲಿ ಕೂಸು ಹುಟ್ಟಿದ ವಾರದೊಳಗೆ ಯಾರಾದರೊಬ್ಬರ ಫೋನಿಗೆ ಹೆಸರಿನ ಆ್ಯಪ್ ಇಳಿದಿರುತ್ತದೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಪಂಚಾಂಗದ ಪಕ್ಕ ತೂಗುಹಾಕಿದ ಮಕ್ಕಳ ಹೆಸರಿನ ಪುಸ್ತಕಗಳೂ ಇನ್ನೂ ಮಾರಾಟವಾಗುತ್ತಿವೆ. ಎರಡರ ಗುಣ ನೋಡಲು ನೂರು ಹೆಸರು ಬೇಕಿಲ್ಲ, ಒಂದು ಸಾಕು: ಬಸವ. ಈ ಸೀಮೆಯ ಹೆಸರನ್ನೇ ನೆಟ್ಟಗೆ ಹೇಳಲಾರದ ಪಟ್ಟಿಯನ್ನು ಈ ಸೀಮೆಯವರು ನಂಬಿ ಕೂಸಿಗೆ ಹೆಸರಿಡುವುದು ಸರಿಯಲ್ಲ.

ಮೊದಲು ಅರ್ಥ. ಬಹುತೇಕ ಆ್ಯಪ್‌ಗಳಲ್ಲಿ ಬಸವ, ಬಸವರಾಜ, ಬಸವೇಶ ಮೂರಕ್ಕೂ ಒಂದೇ ಉತ್ತರ: ‘ಎತ್ತುಗಳ ಒಡೆಯ’. ಮೂರಕ್ಕೂ ಇದು ಹೊಂದುವುದಿಲ್ಲ. ಬಸವ ಎಂದರೆ ಒಡೆಯನಲ್ಲ, ವೃಷಭವೇ. ಅದೂ ಎತ್ತಲ್ಲ. ಎತ್ತು ನೊಗಕ್ಕೆ ಹೂಡುವ, ಬೀಜ ಒಡೆಸಿದ ಪಶು. ಬಸವ ದೇವರಿಗೆ ಬಿಟ್ಟ ಗೂಳಿ, ಶಿವನ ಮುಂದೆ ಕೂತ ನಂದಿ. ಕಾರ ಹುಣ್ಣಿಮೆಯಲ್ಲಿ ಮೈತೊಳೆದು ಕೊಂಬಿಗೆ ಬಣ್ಣ ಬಳಿದ ಎತ್ತನ್ನೂ ‘ಬಸವಣ್ಣ’ ಅನ್ನುವುದುಂಟು, ಅದು ಭಕ್ತಿಯ ಮಾತು. ಬಸವೇಶ, ಬಸವರಾಜಗಳಲ್ಲಿ ಎರಡನೆಯ ಪದಕ್ಕೆ ಎರಡು ಬಗೆಯ ಅರ್ಥ ಕೂಡುತ್ತದೆ: ಬಸವನ ಒಡೆಯ ಎಂದರೆ ಶಿವ, ಬಸವನೆಂಬ ದೊರೆ ಎಂದರೆ ಶರಣ ಬಸವಣ್ಣ. ಈ ಕಡೆ ಹೆಸರಿಡುವವರ ಮನಸ್ಸಿನಲ್ಲಿರುವುದು ಎರಡನೆಯದು.

ಮೂಲದ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ‘ಮೂಲ: ಸಂಸ್ಕೃತ’ ಎಂದು ಬರೆದು ಕೈತೊಳೆದುಕೊಂಡಿರುತ್ತಾರೆ. ಸಂಸ್ಕೃತದಲ್ಲಿರುವುದು ವೃಷಭ. ಅದು ಪ್ರಾಕೃತದಲ್ಲಿ ವಸಹ ಆಗಿ, ಕನ್ನಡದ ಬಾಯಲ್ಲಿ ಬಸವ ಆಯಿತು. ಋಕಾರ ಸವೆಯಿತು, ಷಕಾರ ಸಕಾರವಾಯಿತು, ಮೊದಲ ವಕಾರ ಬಕಾರಕ್ಕೆ ತಿರುಗಿತು. ಈ ಕೊನೆಯದು ನಮ್ಮ ನುಡಿಯ ಹಳೆಯ ರೂಢಿ: ವರ್ಣ ಬಣ್ಣವಾಯಿತು, ವಿದ್ಯೆ ಬಿಜ್ಜೆಯಾಯಿತು, ವಸತಿ ಬಸದಿಯಾಯಿತು, ವನ ಬನವಾಯಿತು. ಬಾದಾಮಿಯ ಬನಶಂಕರಿಯಲ್ಲಿರುವುದು ಅದೇ ಬನ. ಹೀಗಾಗಿ ಬಸವ ತದ್ಭವ, ಕನ್ನಡ ತನ್ನ ಅಚ್ಚಿನಲ್ಲಿ ಎರಕಹೊಯ್ದ ಹೆಸರು. ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಆ್ಯಪ್‌ಗಳು ಬರೆಯದಿರುವುದಕ್ಕೆ ಕಾರಣ ಊಹಿಸಲು ಕಷ್ಟವಿಲ್ಲ: ಇಂಗ್ಲಿಷ್ ಪಟ್ಟಿಯೊಂದನ್ನು ಕನ್ನಡ ಲಿಪಿಗೆ ತಿರುಗಿಸಿದ ಗುರುತು ಪ್ರತಿ ಪುಟದಲ್ಲೂ ಇದೆ. ಹಾಗೆ ತಿರುಗಿಸುವಾಗ ಲಕಾರ ಳಕಾರ, ನಕಾರ ಣಕಾರಗಳ ಭೇದ ಅಳಿಸಿಹೋಗುತ್ತದೆ. ‘ಮಲಪ್ಪ’ ಎಂದೋ ‘ಬಾಲಪ್ಪ’ ಎಂದೋ ಕಂಡರೆ ಅದು ಮಾಳಪ್ಪ, ಬಾಳಪ್ಪ ಇರಬಹುದು ಎಂದು ತಿಳಿದುಕೊಳ್ಳಬೇಕು.

ಅಪ್ಪ, ಅವ್ವಗಳ ಗತಿ ಇನ್ನೂ ಕೆಟ್ಟದ್ದು. ಬಸಪ್ಪ, ಬಸವ್ವ, ಬಸಲಿಂಗಪ್ಪ, ಗುರುಬಸಪ್ಪ, ಚನ್ನಬಸಪ್ಪ, ಸಂಗನಬಸಪ್ಪ, ಬಸವಣ್ಣೆಪ್ಪ: ಈ ಸಾಲಿನಲ್ಲಿ ಒಂದೆರಡು ಸಿಕ್ಕರೆ ಪುಣ್ಯ. ಬೆಳಗಾವಿ ಜಿಲ್ಲೆಯ ಗಡಿ ಭಾಗದಲ್ಲಿ ಹೆಚ್ಚು ಕೇಳುವ ಬಸಗೌಡ, ವಿಜಯಪುರ ಕಡೆಯ ಬಸನಗೌಡ ಎರಡೂ ಒಂದೇ ಬೇರಿನವು ಎಂಬ ಸುಳಿವೂ ಇಲ್ಲ. ಸಿಕ್ಕ ಕಡೆ ‘ಅಪ್ಪ’ ಎಂಬುದಕ್ಕೆ ತಂದೆ ಎಂದು ಅರ್ಥ ಬಿಡಿಸುತ್ತಾರೆ. ಹೆಸರಿನ ಕೊನೆಯ ಅಪ್ಪ, ಅವ್ವ, ಅಣ್ಣ, ಅಕ್ಕ ನಂಟನ್ನು ಹೇಳುವುದಿಲ್ಲ, ಮಾನ ಕೊಡುತ್ತವೆ. ತೊಟ್ಟಿಲಲ್ಲಿ ಮಲಗಿದ ಕೂಸೂ ಬಸಪ್ಪನೇ.

ಪುಸ್ತಕಗಳು ಈ ಒಂದು ವಿಷಯದಲ್ಲಿ ಮೇಲು. ಕನ್ನಡದಲ್ಲೇ ಜೋಡಿಸಿದವಾದ್ದರಿಂದ ಅಕ್ಷರ ಸರಿ ಇರುತ್ತದೆ, ಶರಣರ ಹೆಸರುಗಳಿಗೆ ಕೆಲವು ಪುಟ ಬೇರೆಯಾಗಿಯೇ ಇರುತ್ತವೆ. ಅಲ್ಲಮ, ಸಿದ್ಧರಾಮ, ಮಾಚಯ್ಯ, ನೀಲಾಂಬಿಕೆ, ನಾಗಲಾಂಬಿಕೆ ಸಿಗುತ್ತಾರೆ. ಕೊರತೆ ಎಂದರೆ ಬಹಳಷ್ಟು ಪುಸ್ತಕಗಳು ಹೆಣ್ಣುಮಕ್ಕಳ ಭಾಗದಲ್ಲಿ ಊರಿನ ಹೆಸರುಗಳನ್ನು ಪೂರ್ತಿ ಬಿಟ್ಟಿವೆ. ಯಲ್ಲವ್ವ, ಗಂಗವ್ವ, ಬಸವ್ವ ಎಲ್ಲೂ ಇಲ್ಲ.

ಹೆಸರು ಏರಿದ್ದು, ಇಳಿದದ್ದು ಯಾವಾಗ ಎಂಬ ಪ್ರಶ್ನೆಗೆ ಆ್ಯಪ್‌ಗಳು ಒಂದು ನಕ್ಷೆ ತೋರಿಸುತ್ತವೆ. ಅದನ್ನು ಕಣ್ಣುಮುಚ್ಚಿ ಬಿಡಬಹುದು. ಅಲ್ಲಿ ಎಣಿಸುವುದು ಆ್ಯಪಿನೊಳಗೆ ಎಷ್ಟು ಜನ ಹುಡುಕಿದರು ಎಂಬುದನ್ನು. ಎಷ್ಟು ಮಕ್ಕಳಿಗೆ ಇಟ್ಟರು ಎಂಬುದನ್ನಲ್ಲ. ಮನೆಯ ಹೆಸರೇ ಇಡುವವರು ಆ್ಯಪ್ ತೆರೆಯುವುದೇ ಇಲ್ಲ.

ನಿಜವಾದ ಏರಿಳಿತಕ್ಕೆ ಬೇರೆ ಗುರುತುಗಳಿವೆ. ಬಸವಣ್ಣ ಬಾಗೇವಾಡಿಯವರು, 12ನೆಯ ಶತಮಾನದವರು; ಐಕ್ಯವಾದದ್ದು ಈಗಿನ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ. ಸಂಗಪ್ಪ, ಸಂಗಮೇಶ, ಸಂಗನಗೌಡ ಎಂಬ ಹೆಸರುಗಳು ಹುನಗುಂದದ ಸುತ್ತ ದಟ್ಟವಾಗಿರುವುದಕ್ಕೆ ಆ ಸಂಗಮನಾಥನೇ ಕಾರಣ. ಬಸವರಾಜ ಇತ್ತೀಚಿನ ಹೆಸರೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಹರಿಹರನ ರಗಳೆಯ ಹೆಸರಿನಲ್ಲೇ ‘ಬಸವರಾಜದೇವರು’ ಇದ್ದಾರೆ. ಆದರೂ ಮನೆಮನೆಯಲ್ಲಿ ಬಹುಕಾಲ ನಡೆದದ್ದು ಬಸಪ್ಪ. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರ ಪೂರ್ತಿ ಹೆಸರು ಬಸಪ್ಪ ದಾನಪ್ಪ ಜತ್ತಿ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು, ಆಮೇಲೆ ಆಲಮಟ್ಟಿಯಲ್ಲಿ ನೆಲೆಸಿದರು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಸಿ ವಚನಗಳನ್ನು ಅಚ್ಚಿಗೆ ತಂದರು. ಮನೆದೇವರ ಹೆಸರಾಗಿದ್ದ ಬಸವ ಅಂದಿನಿಂದ ಓದಿಬರೆಯುವವರಿಗೂ ವಿಚಾರದ ಹೆಸರಾಯಿತು. ಬಸಪ್ಪನ ಮೊಮ್ಮಗ ಬಸವರಾಜನಾದದ್ದು ಆ ನಂತರದ ತಲೆಮಾರುಗಳಲ್ಲಿ. ಹಳಕಟ್ಟಿಯವರ ಪೂರ್ತಿ ಹೆಸರನ್ನೂ ಒಮ್ಮೆ ನೋಡಬೇಕು: ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಫಕೀರನೂ ಬಸವನೂ ಒಂದೇ ಹೆಸರಿನೊಳಗೆ ಇಷ್ಟು ಸಲೀಸಾಗಿ ಕೂತಿರುವುದು ಈ ಸೀಮೆಯ ಸೊಗಸು. ಧರ್ಮವಾರು ಪಟ್ಟಿ ಮಾಡುವ ಆ್ಯಪ್‌ಗಳಲ್ಲಿ ಫಕೀರಪ್ಪನಿಗೆ ಜಾಗವೇ ಇಲ್ಲ.

ಈಚಿನ ಮಕ್ಕಳಲ್ಲಿ ಬರೀ ಬಸಪ್ಪ ವಿರಳ. ಸಾಲಿಯಲ್ಲಿ ‘ಬಸ್ಯಾ’ ಅಂತ ಕೂಗುತ್ತಾರೆಂಬ ಅಂಜಿಕೆ ಒಂದು, ಪುಣೆ, ಬೆಂಗಳೂರಿನಲ್ಲಿ ಹಳೆಯದಾಗಿ ಕೇಳುತ್ತದೆಂಬ ಎಣಿಕೆ ಇನ್ನೊಂದು. ಹೆಸರು ಬಸವಪ್ರಭು, ಬಸವಪ್ರಸಾದ, ಬಸವಶ್ರೀ ಎಂಬ ಜೋಡಿಗಳಲ್ಲಿ ಉಳಿದಿದೆ. ಹೆಣ್ಣುಮಕ್ಕಳ ಬಸವ್ವ ಮಾತ್ರ ಅಜ್ಜಿಯರ ಜತೆಗೇ ಹೋಗುತ್ತಿದೆ, ಇದು ನಿಜವಾದ ನಷ್ಟ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಹೆಸರಿನ ಮೇಲೆ ಅದರ ಪರಿಣಾಮ ಏನೆಂದು ಹೇಳುವ ಕಾಲ ಇನ್ನೂ ಬಂದಿಲ್ಲ.

ಇನ್ನು ಜನ್ಮನಕ್ಷತ್ರದ ಅಕ್ಷರ ಹೇಳುವ ಭಾಗ. ಇದಕ್ಕಾಗಿಯೇ ಹೆಚ್ಚಿನವರು ಆ್ಯಪ್ ಇಳಿಸುತ್ತಾರೆ, ಲೆಕ್ಕವೂ ಸಾಮಾನ್ಯವಾಗಿ ಸರಿ ಇರುತ್ತದೆ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಚಂದ್ರ ಒಂದು ಪಾದ ದಾಟಲು ಸುಮಾರು 6 ತಾಸು ಬೇಕು. ಆದ್ದರಿಂದ ಹುಟ್ಟಿದ ಹೊತ್ತಿನಲ್ಲಿ ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಅಕ್ಷರ ಬದಲಾಗುವುದು ಅಪರೂಪ. ಬೆಳಗ್ಗೆ, ಸಂಜೆ ಅದಲುಬದಲಾದರೆ ಖಂಡಿತ ಬದಲಾಗುತ್ತದೆ. 12 ತಾಸಿನ ಗಡಿಯಾರದ ಆಯ್ಕೆ ತಪ್ಪಾಗಿ ಒತ್ತುವುದೇ ಇಲ್ಲಿ ಹೆಚ್ಚು ನಡೆಯುವ ತಪ್ಪು. ಆಸ್ಪತ್ರೆಯ ಚೀಟಿ ಎದುರಿಗಿಟ್ಟುಕೊಂಡು ತುಂಬಬೇಕು.

ಅಕ್ಷರ ಬಂದ ಮೇಲೆ ಆ್ಯಪ್ ಮತ್ತೆ ಎಡವುತ್ತದೆ. ರೋಹಿಣಿಯ ನಾಲ್ಕು ಪಾದಗಳಿಗೆ ಓ, ವಾ, ವೀ, ವು. ರೋಹಿಣಿ ಇರುವುದು ವೃಷಭ ರಾಶಿಯಲ್ಲಿ. ವಕಾರ, ಬಕಾರಗಳನ್ನು ಒಂದೇ ಎಂದು ಎಣಿಸುವ ರೂಢಿ ಜ್ಯೋತಿಷ್ಯದಲ್ಲಿದೆ, ಹಾಗಾಗಿ ಎರಡನೆಯ ಪಾದದ ಕೂಸಿಗೆ ಬಸವ ಹೊಂದುವ ಹೆಸರು. ವೃಷಭ ರಾಶಿಗೆ ವೃಷಭನದೇ ಹೆಸರು, ಇದಕ್ಕಿಂತ ಚೆಂದದ ಹೊಂದಿಕೆ ಬೇಕೆ? ಆ್ಯಪ್‌ಗಳು ಮಾತ್ರ ವಕಾರದ ಪಟ್ಟಿ ಕೊಟ್ಟು ಸುಮ್ಮನಾಗುತ್ತವೆ. ಆರ್ದ್ರೆಯ ಮೂರನೆಯ ಪಾದಕ್ಕೆ ಙ, ಹಸ್ತದ ಮೂರನೆಯದಕ್ಕೆ ಣ, ಉತ್ತರಾಭಾದ್ರದ ನಾಲ್ಕನೆಯದಕ್ಕೆ ಞ ಬಂದಾಗ ಪಟ್ಟಿ ಖಾಲಿ ಉಳಿಯುತ್ತದೆ. ಆಗ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯಬಹುದು, ಇಲ್ಲವೇ ಆ ಹೆಸರನ್ನು ಪೂಜೆಗಿಟ್ಟು ಕರೆಯಲು ಮನೆಯ ಹೆಸರಿಡಬಹುದು. ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಹೇಳುವ ಹೆಸರೂ ದಾಖಲೆಯ ಹೆಸರೂ ಒಂದೇ ಇರಬೇಕೆಂಬ ಕಟ್ಟಳೆ ಯಾರೂ ಮಾಡಿಲ್ಲ.

ಸಂಖ್ಯಾಶಾಸ್ತ್ರದ ಭಾಗವನ್ನು ಮುಟ್ಟಬೇಡಿ. ಅದು ಇಂಗ್ಲಿಷ್ ಅಕ್ಷರ ಎಣಿಸಿ, ಒಂದು ‘ಎ’ ಹೆಚ್ಚು ಹಾಕಿ ಎನ್ನುತ್ತದೆ. ಬಸವರಾಜ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಈಗಾಗಲೇ ಸಾಕಷ್ಟು ರೂಪಗಳಿವೆ: ಕೊನೆಗೆ ‘ಎ’ ಇದ್ದದ್ದು, ಇಲ್ಲದ್ದು, ನಡುವೆ ‘ವಿ’ ಇದ್ದದ್ದು, ‘ಡಬ್ಲ್ಯೂ’ ಇದ್ದದ್ದು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರದಲ್ಲಿ ಇನ್ನೊಂದು, ಹತ್ತನೆಯ ಇಯತ್ತೆಯ ಅಂಕಪಟ್ಟಿಯಲ್ಲಿ ಮತ್ತೊಂದು ಆದರೆ ಪಾಸ್‌ಪೋರ್ಟಿನ ಹೊತ್ತಿಗೆ ಪರದಾಟ ಶುರು.

ನೋಂದಣಿಯ ಲೆಕ್ಕ ಹೀಗಿದೆ, ಇದನ್ನು ಯಾವ ಆ್ಯಪೂ ಹೇಳುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹುಟ್ಟಿದ 21 ದಿನದೊಳಗೆ ನೋಂದಣಿಗೆ ಶುಲ್ಕವಿಲ್ಲ. ಆಗ ಹೆಸರು ಬರೆಸಲೇಬೇಕೆಂದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಅದು ದಾಟಿದರೆ 15 ವರ್ಷದವರೆಗೆ ತಡದ ಶುಲ್ಕ ಕೊಟ್ಟು ಸೇರಿಸಬಹುದು. ಅಂದರೆ ಆಸ್ಪತ್ರೆಯಲ್ಲಿ ಗಡಿಬಿಡಿಯಿಂದ ಆ್ಯಪ್ ನೋಡಿ ಬರೆಸಿಕೊಡುವ ಜರೂರಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟು, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಆಧಾರ, ಹಾಗಾಗಿ ಮೊದಲ ಬರವಣಿಗೆ ಸರಿ ಇರಲಿ. ಬೆಳಗಾವಿ, ವಿಜಯಪುರ ಭಾಗ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿದ್ದದ್ದರಿಂದ ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಸಾಲು ನಿಂತಿದೆ. ಮೂರನ್ನೂ ಇನಿಶಿಯಲ್ ಮಾಡದೆ ಪೂರ್ತಿ ಬರೆಸಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೆಸರನ್ನು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಬೇಡಿ.

ಗುಣ ಕೊಡುವುದಾದರೆ ಆ್ಯಪ್‌ಗಳಿಗೆ ನಕ್ಷತ್ರದ ಲೆಕ್ಕಕ್ಕಾಗಿ ಐದಕ್ಕೆ ಎರಡು, ಪುಸ್ತಕಗಳಿಗೆ ಅಕ್ಷರಶುದ್ಧಿಗಾಗಿ ಮೂರು. ಪುಸ್ತಕ ಕೊಳ್ಳುವ ಮೊದಲು ಅಂಗಡಿಯಲ್ಲೇ ಬಕಾರದ ಪುಟ ತೆರೆದು ನೋಡಿ. ಬಸವ್ವ ಅದರಲ್ಲಿದ್ದರೆ ಧಾರಾಳವಾಗಿ ಕೊಳ್ಳಿ.