ಉದ್ದ ಕನ್ನಡ ಹೆಸರಿನ ಫೈಲ್‌ಗಳು ಮತ್ತು ಸೆವೆನ್-ಜಿಪ್

ಹಿರಿಯರು ಹೇಳುವ ಕಥೆಗಳನ್ನು ನಾನು ರೆಕಾರ್ಡ್ ಮಾಡಿ ಇಡುತ್ತೇನೆ. ಫೈಲ್‌ಗಳ ಹೆಸರೂ ಕನ್ನಡದಲ್ಲೇ. ಯಾರು ಹೇಳಿದ್ದು, ಯಾವ ಕಥೆ, ಮೊದಲ ಸಾಲು ಏನು, ಎಲ್ಲವೂ ಹೆಸರಲ್ಲೇ ಇರಬೇಕು ನನಗೆ.

ಹಿಂದೆ ಒಂದು ಬ್ಯಾಕಪ್ ಪ್ರೋಗ್ರಾಂ ನಂಬಿ ಕೆಟ್ಟೆ. ಅದು ಉದ್ದ ಹೆಸರು ಬಿಟ್ಟು, ಡಾಸ್ (ವಿಂಡೋಸ್‌ಗೂ ಹಿಂದಿನ ಕಂಪ್ಯೂಟರ್ ವ್ಯವಸ್ಥೆ) ಕಾಲದ ಗಿಡ್ಡ ಹೆಸರನ್ನಷ್ಟೇ ಉಳಿಸಿತ್ತು. ಎಂಟು ಅಕ್ಷರ, ಚುಕ್ಕಿ, ಮತ್ತೆ ಮೂರು. ವಾಪಸ್ ತೆಗೆದಾಗ ಎಲ್ಲದರ ಬಾಲದಲ್ಲೂ ~1, ~2. ಯಾವುದು ಯಾರ ಕಥೆ ಅಂತ ಒಂದೊಂದನ್ನೂ ಕೇಳಿ ಹೆಸರಿಟ್ಟೆ. ವಿಂಡೋಸ್ 95ರಿಂದಲೇ ಉದ್ದ ಹೆಸರಿಗೆ ಜಾಗ ಇದೆ. ಆದರೂ ಹೀಗಾಯಿತಲ್ಲ ಅಂತ ತುಂಬ ನೋವಾಯಿತು.

ಆಮೇಲೆ ಹಿಡಿದದ್ದು ಸೆವೆನ್-ಜಿಪ್. ಹಲವು ಫೈಲ್‌ಗಳನ್ನು ಕುಗ್ಗಿಸಿ ಜಿಪ್ ಎಂಬ ಒಂದೇ ಗಂಟಾಗಿ ಕಟ್ಟುವ, ಬಿಚ್ಚುವ ಉಚಿತ ಪ್ರೋಗ್ರಾಂ ಇದು, ಈಗೋರ್ ಪಾವ್ಲೋವ್ 1999ರಲ್ಲಿ ಹೊರತಂದದ್ದು. ಮೊನ್ನೆ ವಿಂಡೋಸ್‌ನಲ್ಲಿ ಕಟ್ಟಿದ ಜಿಪ್ ಅನ್ನು ಲಿನಕ್ಸ್ ಎಂಬ ಇನ್ನೊಂದು ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬಿಚ್ಚಿದೆ. ಒಂದು ಫೈಲ್ ಮಾತ್ರ ಬರಲಿಲ್ಲ. ‘ಫೈಲ್ ನೇಮ್ ಟೂ ಲಾಂಗ್’, ಎರರ್ 36.

ಎಣಿಸಿ ನೋಡಿದೆ. ಹೆಸರಲ್ಲಿದ್ದದ್ದು 104 ಚಿಹ್ನೆ. ವಿಂಡೋಸ್ 255ರವರೆಗೆ ಒಪ್ಪುತ್ತದೆ. ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ಇಎಕ್ಸ್‌ಟಿ4 ಪದ್ಧತಿಯ ಮಿತಿಯೂ ಅಷ್ಟೇ, 255. ಆದರೆ ಅದು ಎಣಿಸುವುದು ಚಿಹ್ನೆಯನ್ನಲ್ಲ, ಅದು ಹಿಡಿಯುವ ಜಾಗವನ್ನು, ಅಂದರೆ ಬೈಟ್. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ 3 ಬೈಟ್ ಬೇಕು; ಖಾಲಿ ಜಾಗ, ಚುಕ್ಕಿ, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಅಲ್ವಾ? ಒಳಗೆ 6 ತುಂಡು, 18 ಬೈಟ್! ನನ್ನ ಫೈಲ್ ಹೆಸರು 284 ಬೈಟ್ ಆಗಿತ್ತು.

ಸೆವೆನ್-ಜಿಪ್ ಸುಮ್ನೆ ಹೆಸರು ಕತ್ತರಿಸಿ ಕೈತೊಳೆದುಕೊಳ್ಳಲಿಲ್ಲ. ಯಾವ ಫೈಲ್ ಬಿಚ್ಚಲಾಗದೆ ಉಳಿಯಿತು ಅಂತ ಹೇಳಿತು, ಮಿಕ್ಕವನ್ನು ಬಿಚ್ಚಿಕೊಟ್ಟಿತು. ನನಗೆ ಇದೇ ಜಾಸ್ತಿ ಹಿಡಿಸಿದ್ದು. ಹೆಸರು ಬದಲಿಸುವ ‘ಆರ್‌ಎನ್’ ಕಮಾಂಡ್ ಕೊಟ್ಟು ಜಿಪ್ ಒಳಗೇ ಹೆಸರು ಗಿಡ್ಡ ಮಾಡಿದೆ. ವಿಂಡೋಸ್‌ನಲ್ಲಾದರೆ ಎಫ್2 ಒತ್ತಿದರೆ ಸಾಕು.

ಫೋಲ್ಡರ್ ಒಳಗೆ ಫೋಲ್ಡರ್ ಇಟ್ಟು ಪೂರ್ತಿ ವಿಳಾಸ ವಿಂಡೋಸ್‌ನ ಹಳೆಯ 260 ಚಿಹ್ನೆಯ ಮಿತಿ ದಾಟಿದ್ದರೂ ಇದರ ಫೈಲ್ ಮ್ಯಾನೇಜರ್ ತೆರೆದು ತೋರಿಸುತ್ತದೆ. ಅಂಥದ್ದನ್ನು ಅಳಿಸಲು ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ಆದರೆ ಹುಷಾರು, ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ.

ಜಿಪ್ ಕಟ್ಟುವಾಗಲೇ ‘ಈ ಹೆಸರು ಲಿನಕ್ಸ್‌ನಲ್ಲಿ ನಿಲ್ಲುವುದಿಲ್ಲ’ ಅಂತ ಎಚ್ಚರಿಸುವ ಸೌಲಭ್ಯ ಬಂದರೆ ನನ್ನಂಥವರಿಗೆ ದೊಡ್ಡ ಉಪಕಾರ. ಸದ್ಯಕ್ಕೆ ನಾನೇ ಲೆಕ್ಕ ಇಡುತ್ತೇನೆ: ಕನ್ನಡದ ಚಿಹ್ನೆ 80 ದಾಟಬಾರದು. ಉಳಿದ 15 ಬೈಟ್ ಖಾಲಿ ಜಾಗಕ್ಕೆ, ಚುಕ್ಕಿಗೆ, ಕೊನೆಯ ಮೂರು ಇಂಗ್ಲಿಷ್ ಅಕ್ಷರಕ್ಕೆ.